ಲಿಸ್ಬನ್: ಮಂಡಿನೋವಿದ್ದರೆ ಹೀಗೆ ಓಡಾಡಿ

ಲಿಸ್ಬನ್ನಿನ ಬೈಶಾ ಬಡಾವಣೆಯಲ್ಲಿ ರೂಮ್ ಮಾಡಿದರೆ, ಮಂಡಿನೋವಿರುವ ಅಮ್ಮನಿಗೆ ಅದರ ಅಕ್ಕಪಕ್ಕದ ಗುಡ್ಡಗಳಲ್ಲಿರುವ ಶಿಯಾಡು, ಅಲ್ಫಾಮಾ ಬಡಾವಣೆಗಳನ್ನು ತೋರಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ತೋರಿಸಬಹುದು. ಬೈಶಾ ಗುಡ್ಡಗಳ ನಡುವಿನ ಸಮತಟ್ಟು ಜಾಗ. 1755ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ್ದು, ಬೀದಿಗಳೆಲ್ಲ ನೇರ. ಟೇಗಸ್ ನದಿಗೆ ಮುಖ ಮಾಡಿ ನಿಂತರೆ ಬಲಕ್ಕೆ ಶಿಯಾಡು, ಎಡಕ್ಕೆ ಅಲ್ಫಾಮಾ.

ಶಿಯಾಡುಗೆ ನಡೆದು ಹತ್ತಬೇಡಿ. ಬೈಶಾ-ಶಿಯಾಡು ಮೆಟ್ರೋ ಸ್ಟೇಷನ್ನಿನ ಕೆಳಗಿನ ಬಾಗಿಲಲ್ಲಿ ಹೊಕ್ಕು ಒಂದರ ಮೇಲೊಂದು ಎಸ್ಕಲೇಟರ್ ಹಿಡಿದರೆ ಸೀದಾ ಮೇಲಿನ ಚೌಕದಲ್ಲಿರುತ್ತೀರಿ. ಟಿಕೆಟ್ಟೂ ಬೇಡ!

ಅಲ್ಫಾಮಾದ ಮೇಲಿರುವ ಸಾವ್ ಜಾರ್ಜ್ ಕೋಟೆಗೆ ಬೈಶಾದ ಫಿಗೈರಾ ಚೌಕದಿಂದ 737ನೇ ಬಸ್ ಹಿಡಿಯಿರಿ. ಅಲ್ಲಿಂದ ಅಲ್ಫಾಮಾಗೆ ಇಳಿಯಬಹುದು, ಆದರೆ ಇಳಿಜಾರೂ ಮಂಡಿಗೆ ಕಷ್ಟವೇ ಅಲ್ವಾ, ನಿಧಾನವಾಗಿ ಇಳಿಯಿರಿ. ಆ ಓಣಿಗಳಲ್ಲಿ ಮ್ಯಾಪ್ ಕೈಕೊಡುತ್ತದೆ. ದಾರಿ ತಪ್ಪಿದರೆ ಇಳಿಯುತ್ತಾ ಹೋಗಿ, ನದಿ ಸಿಗುತ್ತದೆ. ಈ ಗುಡ್ಡಗಳನ್ನು ಹತ್ತಿಳಿಯುವ 28ನೇ ಟ್ರಾಮ್ ಕೂಡ ಇದೆ, ಆದರೆ ಅದರಲ್ಲಿ ನೂಕುನುಗ್ಗಲು ಜಾಸ್ತಿ, ಜೇಬುಗಳ್ಳರೂ ಇರುತ್ತಾರೆ.