ಓದುಗರ ಪ್ರಶ್ನೆ: ಮಂಜಿಗೆ ಬಗ್ಗದ ಟಿವಿ ಮಳೆಗೆ ಬಗ್ಗುವುದೇಕೆ?

ಪ್ರಶ್ನೆ: ಎದುರಿನ ಬೆಟ್ಟವೇ ಕಾಣದಷ್ಟು ಮಂಜು ಕವಿದಾಗಲೂ ನಮ್ಮ ತೋಟದ ಮನೆಯಲ್ಲಿ ಟಿವಿ ಸ್ವಚ್ಛವಾಗಿ ಬರುತ್ತದೆ. ಮಳೆ ರಭಸವಾಗಿ ಸುರಿದೊಡನೆ ಮಾತ್ರ ‘ಸಿಗ್ನಲ್ ಇಲ್ಲ’ ಎಂದು ಪರದೆ ಕಪ್ಪಾಗುತ್ತದೆ. ಅದೇ ಹೊತ್ತಿನಲ್ಲಿ ಮಡಿಕೇರಿ ಆಕಾಶವಾಣಿ ತಡೆಯಿಲ್ಲದೆ ಕೇಳಿಸುತ್ತಿರುತ್ತದೆ. ಬೆಳಕು, ಟಿವಿ, ರೇಡಿಯೊ ಮೂರೂ ವಿದ್ಯುತ್ಕಾಂತೀಯ ತರಂಗಗಳೇ ಆಗಿದ್ದರೆ ಈ ಭೇದವೇಕೆ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಮೂರೂ ಒಂದೇ ಜಾತಿಯ ಅಲೆಗಳು, ನಿರ್ವಾತದಲ್ಲಿ ಮೂರರ ವೇಗವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಭೇದವಿರುವುದು ತರಂಗಾಂತರದಲ್ಲಿ, ಅಂದರೆ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರದಲ್ಲಿ. ಅಡ್ಡ ಬಂದ ನೀರಹನಿ ಈ ದೂರದ ಮುಂದೆ ಎಷ್ಟು ದೊಡ್ಡದು ಎಂಬುದೇ ಇಲ್ಲಿ ಮುಖ್ಯ.

ಮಂಜಿನ ಹನಿಯ ಗಾತ್ರ ಹತ್ತಿಪ್ಪತ್ತು ಮೈಕ್ರಾನ್‌ಗಳಷ್ಟು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್ ಮಾತ್ರವಾದ್ದರಿಂದ ಅದಕ್ಕೆ ಆ ಹನಿಯೂ ಬಂಡೆಯೇ. ಲೆಕ್ಕವಿಲ್ಲದಷ್ಟು ಹನಿಗಳಿಗೆ ಬಡಿದು ಅದು ದಿಕ್ಕಾಪಾಲಾಗಿ ಚದುರುವುದರಿಂದಲೇ ಬೆಟ್ಟದ ಜಾಗದಲ್ಲಿ ಬಿಳಿ ತೆರೆಯೊಂದು ಕಾಣುತ್ತದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ನಿಮ್ಮ ಛಾವಣಿಯ ತಟ್ಟೆಗೆ ಇಳಿಯುವ ಅಲೆಯಾದರೋ ಎರಡೂವರೆ ಸೆಂಟಿಮೀಟರ್ ಉದ್ದದ್ದು. ಮಂಜಿನ ಹನಿಗಿಂತ ಸಾವಿರ ಪಟ್ಟಿಗೂ ದೊಡ್ಡದಾದ ಅದಕ್ಕೆ ಮಂಜು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯ ಮಾತು ಬೇರೆ. ಆ ಹನಿಗಳು ಎರಡು ಮಿಲಿಮೀಟರ್, ಕೆಲವೊಮ್ಮೆ ನಾಲ್ಕೈದು ಮಿಲಿಮೀಟರ್ ದಪ್ಪವಿದ್ದು, ಟಿವಿ ಅಲೆಯ ಹತ್ತನೆಯ ಒಂದು ಭಾಗಕ್ಕೋ ಐದನೆಯ ಒಂದು ಭಾಗಕ್ಕೋ ಬರುತ್ತವೆ. ಈ ಗಾತ್ರದಲ್ಲಿ ಅವು ಅಲೆಯನ್ನು ಚದುರಿಸುವುದಲ್ಲದೆ, ಅದರ ಶಕ್ತಿಯನ್ನು ಹೀರಿಕೊಳ್ಳಲೂ ತೊಡಗುತ್ತವೆ. ತಟ್ಟೆಯನ್ನು ಒರೆಸಿ ಪ್ರಯೋಜನವಿಲ್ಲ, ಏಕೆಂದರೆ ಅಡ್ಡಿ ಇರುವುದು ಕಿಲೋಮೀಟರುಗಟ್ಟಲೆ ಮೇಲಿನವರೆಗೆ. ದೊಡ್ಡ ತಟ್ಟೆ ಹಾಕಿಸಿದರೆ ಸ್ವಲ್ಪ ಸುಧಾರಿಸೀತು. ನಮ್ಮ ಕಡೆಯ ಮಳೆಗೆ ಅದೂ ಎಷ್ಟು ಹೊತ್ತು ತಾಳೀತು ಎಂಬುದು ನಿಮಗೇ ಗೊತ್ತು. ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್ ಅಲೆಯ ಉದ್ದವಾದರೋ ಸುಮಾರು 2.9 ಮೀಟರ್. ಅದರ ಪಾಲಿಗೆ ಮಳೆಹನಿಯೂ ಮಂಜಿನ ಹನಿಯಷ್ಟೇ ಕ್ಷುಲ್ಲಕ.

ನಿಮಗೆ ಉಪದ್ರವವಾದ ಇದೇ ಗುಣ ಹವಾಮಾನ ಶಾಸ್ತ್ರಕ್ಕೆ ಉಪಕಾರಿ. ಮೂರರಿಂದ ಹತ್ತು ಸೆಂಟಿಮೀಟರ್ ಉದ್ದದ ಅಲೆಗಳನ್ನು ಹೊರಡಿಸುವ ರಾಡಾರ್, ಮಳೆಹನಿಗಳು ಹಿಂದಕ್ಕೆ ಚದುರಿಸಿದ ಅಲ್ಪಾಂಶವನ್ನೇ ಹಿಡಿದು ಮಳೆ ಎಲ್ಲಿ, ಎಷ್ಟು ಬಿರುಸಾಗಿದೆ ಎಂದು ಅಳೆಯುತ್ತದೆ.

ಪ್ರಶ್ನೆ: ಮೈಕ್ರೋವೇವ್ ಒಲೆಯಲ್ಲಿ ಕಡಂಬುಟ್ಟು ಬಿಸಿ ಮಾಡುವಾಗ ಎದುರು ನಿಲ್ಲಬಾರದು, ಅದೂ ಎಕ್ಸ್-ರೇಯಂತೆ ವಿಕಿರಣವೆಂದು ಹೇಳುತ್ತಾರೆ. ನಿಜವೇ?
– ಗೃಹಿಣಿಯೊಬ್ಬರು, ಗೋಣಿಕೊಪ್ಪ

ಉತ್ತರ: ವಿಕಿರಣವೆಂಬ ಹೆಸರು ಎರಡಕ್ಕೂ ಸಲ್ಲುತ್ತದೆ, ಸ್ವಭಾವ ಮಾತ್ರ ಬೇರೆ. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್-ಕಿರಣಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ ಶಕ್ತಿಯಿದೆ. ಆದ್ದರಿಂದಲೇ ಚಿತ್ರ ತೆಗೆಯುವವರು ಸೀಸದ ಮರೆಯಲ್ಲಿ ನಿಲ್ಲುತ್ತಾರೆ. ಒಲೆಯ ಅಲೆಗೆ ಆ ಶಕ್ತಿಯಿಲ್ಲ. ಅದು ಆಹಾರದಲ್ಲಿನ ನೀರಿನ ಅಣುಗಳನ್ನು ಅಲುಗಾಡಿಸಿ ಬಿಸಿ ಮಾಡುತ್ತದೆ, ಅಷ್ಟೆ. ಬಾಗಿಲಿನ ಗಾಜಿನ ಹಿಂದಿರುವ ಲೋಹದ ಜಾಲರಿಯನ್ನು ಗಮನಿಸಿ: ಅದರ ತೂತುಗಳು ಒಂದೆರಡು ಮಿಲಿಮೀಟರ್, ಅಲೆಯ ಉದ್ದ 12 ಸೆಂಟಿಮೀಟರ್. ಬೆಳಕು ಆ ತೂತುಗಳಲ್ಲಿ ನುಸುಳಿ ಬರುವುದರಿಂದ ಕಡಂಬುಟ್ಟು ನಿಮಗೆ ಕಾಣುತ್ತದೆ, ಒಲೆಯ ಅಲೆ ಬಹುತೇಕ ಒಳಗೇ ಉಳಿಯುತ್ತದೆ. ಬಾಗಿಲು ಸೊಟ್ಟಗಾಗಿದ್ದರೆ ಅಥವಾ ಸರಿಯಾಗಿ ಮುಚ್ಚದಿದ್ದರೆ ಮಾತ್ರ ರಿಪೇರಿ ಆಗುವವರೆಗೆ ಅದನ್ನು ಬಳಸಬೇಡಿ.