ಧ್ಯಾನ ಶಿಬಿರದಿಂದ ಬಂದ ತಮ್ಮ ನಿದ್ದೆಯನ್ನೇ ಬಿಟ್ಟಿದ್ದಾನೆ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಮೂರು ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಮಾತ್ರೆ ಸಾಧನೆಗೆ ಅಡ್ಡಿ ಎಂದು ಯಾರೋ ಹೇಳಿದ್ದಕ್ಕೆ ಅದನ್ನು ಬಿಟ್ಟು, ಹತ್ತು ದಿನಗಳ ಮೌನ ಧ್ಯಾನ ಶಿಬಿರಕ್ಕೆ ಹೋಗಿ ಬಂದ. ಈಗ ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು. ಮೂರಕ್ಕೇ ಎದ್ದು ಭಸ್ತ್ರಿಕಾ, ಜಪ. ಆಯಾಸವೆಂಬುದೇ ಇಲ್ಲ. ದೇವರು ತನ್ನೊಡನೆ ಮಾತನಾಡುತ್ತಾನೆ ಎನ್ನುತ್ತಾನೆ. ಇದು ಸಿದ್ಧಿಯ ಲಕ್ಷಣ, ತಡೆಯಬೇಡಿ ಎಂದು ಅಮ್ಮ ಹಟ ಹಿಡಿದಿದ್ದಾರೆ. ಏನು ಮಾಡಲಿ?
ಓದುಗರೊಬ್ಬರು, ದಾವಣಗೆರೆ

ಉತ್ತರ: ನಾಳೆಯೇ ಅವನನ್ನು ಅವನ ಮನೋವೈದ್ಯರ ಬಳಿ ಕರೆದೊಯ್ಯಿರಿ. ಉಳಿದ ಮಾತು ಆಮೇಲೆ.

ನನಗೆ ಹೆಚ್ಚು ಆತಂಕ ತಂದದ್ದು ದೇವರ ಮಾತಲ್ಲ, ನಿದ್ದೆ. ದೇವರ ಸಾನ್ನಿಧ್ಯವನ್ನು ಅನುಭವಿಸುವ ಎಷ್ಟೋ ಭಕ್ತರು ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಕೆಲಸಕ್ಕೆ ಹೋಗುತ್ತಾರೆ. ಅದು ಕಾಯಿಲೆಯಲ್ಲ. ಆದರೆ ಎರಡು ಗಂಟೆ ನಿದ್ದೆ ಮಾಡಿಯೂ ದಣಿಯದಿರುವುದು ಉನ್ಮಾದದ, ಅಂದರೆ ಈ ಕಾಯಿಲೆಯ ಅತಿ ಉತ್ಸಾಹದ ಹಂತದ, ಸ್ಪಷ್ಟ ಗುರುತು. ಬೈಪೋಲಾರ್ ಇರುವವರಲ್ಲಿ ನಿದ್ದೆಗೆಡುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಕೆರಳಿಸುವ ಕಾರಣವೂ ಹೌದು. ಅದರ ಮೇಲೆ ಲಿಥಿಯಂ ದಿಢೀರನೆ ನಿಂತಿದೆ. ಹಾಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಭಸ್ತ್ರಿಕಾದಂತಹ ವೇಗದ ಉಸಿರಾಟ ರಕ್ತದ ಇಂಗಾಲದ ಡೈಆಕ್ಸೈಡನ್ನು ಇಳಿಸಿ ತಲೆ ಹಗುರವಾಗಿಸುತ್ತದೆ, ಕೈಕಾಲು ಜುಮ್ಮೆನಿಸುತ್ತದೆ. ಕೆರಳಿದ ಮನಸ್ಸು ಅದನ್ನೇ ಶಕ್ತಿಸಂಚಾರವೆಂದು ಓದಿಕೊಳ್ಳಬಹುದು.

ಹಳೆಯ ಮಾತ್ರೆಯನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ಪ್ರಮಾಣವನ್ನು ವೈದ್ಯರು ರಕ್ತಪರೀಕ್ಷೆ ನೋಡಿ ನಿರ್ಧರಿಸಲಿ. ಮಾತ್ರೆ ಮರಳಿದ ಮೇಲೆ ಇನ್ನೊಂದು ಎಚ್ಚರ ಬೇಕು: ಲಿಥಿಯಂ ತೆಗೆದುಕೊಳ್ಳುವವರು ನೀರು, ಉಪ್ಪು ಬಿಟ್ಟು ಉಪವಾಸ ಮಾಡಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದು ವಿಷದ ಮಟ್ಟಕ್ಕೆ ಏರಬಹುದು. ನಿರ್ಜಲ ಏಕಾದಶಿ ಅವನಿಗಲ್ಲ.

ನಾನು ಧ್ಯಾನದ ವಿರೋಧಿಯಲ್ಲ. ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಬಿದ್ದು ಎದ್ದವರಿಗೆ ಸಾವಧಾನದ (ಮೈಂಡ್‌ಫುಲ್‌ನೆಸ್) ಧ್ಯಾನಾಭ್ಯಾಸವನ್ನು ಎಂಟು ವಾರ ಕಲಿಸಿದಾಗ ಖಿನ್ನತೆ ಮರಳುವುದು ಕಡಿಮೆಯಾದದ್ದು ಸಂಶೋಧನೆಗಳಲ್ಲಿ ಕಂಡುಬಂದಿದೆ. ಆದರೆ ದಿನಕ್ಕೆ ಅರ್ಧ ಗಂಟೆ ಕೂರುವುದಕ್ಕೂ, ಮಾತಿಲ್ಲದೆ ಹತ್ತು ಗಂಟೆ ಕೂರುವುದಕ್ಕೂ ಅಜಗಜಾಂತರ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಪ್ರಾಣವಾಯುವನ್ನೂ ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಹಠಯೋಗ ಪ್ರದೀಪಿಕೆಯೇ ಎಚ್ಚರಿಸುತ್ತದೆ. ಅಮ್ಮನಿಗೆ ಈ ಮಾತನ್ನು ಹೇಳಿ. ಅವರ ಭಕ್ತಿಯನ್ನು ಹೀಗಳೆಯಬೇಡಿ. ಮಗನನ್ನು ವೈದ್ಯರ ಬಳಿಗೆ ಒಪ್ಪಿಸಿ ಕರೆತರಬಲ್ಲವರು ಅವರೇ.

ಸದ್ಯಕ್ಕೆ ಶಿಬಿರ, ಭಸ್ತ್ರಿಕಾ, ಒಂಟಿ ಜಪ ನಿಲ್ಲಲಿ. ಸಂಜೆ ಮನೆಯವರೊಡನೆ ಹತ್ತು ನಿಮಿಷ ಭಜನೆಗೆ ಕುಳಿತರೆ ತೊಂದರೆಯಿಲ್ಲ. ಅವನು ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅನ್ನ ನೀರು ಬಿಟ್ಟರೆ, ದೇಹತ್ಯಾಗದ ಮಾತೆತ್ತಿದರೆ ಫೋನಿಗೆ ಕಾಯದೆ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬನನ್ನೇ ಬಿಡಬೇಡಿ.