ಬೆಡ್‌ಶೀಟ್ ಮೇಲೆ ಸಿನಿಮಾ ತೋರಿಸಿದರೆ ಕೇಸೇ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ಮಂಡಿಪೇಟೆಯ ಒಂದು ಮಹಡಿ ಮೇಲೆ ಕಾಲೇಜು ಹುಡುಗರು ಮೊಬೈಲ್‌ನಲ್ಲಿ ತೆಗೆದ ಸಿನಿಮಾ ತೋರಿಸಿದರು. ರಾತ್ರಿ ಎಪಿಎಂಸಿಯಲ್ಲೇ ಮಲಗುವ ಹಮಾಲರ ಚಿತ್ರ. ಶೂಟಿಂಗ್‌ಗೆ ಪರ್ಮಿಷನ್ ಇಲ್ಲ, ಸೆನ್ಸಾರ್ ಸರ್ಟಿಫಿಕೇಟ್ ಇಲ್ಲ. ಇಂಥ ಕಳ್ಳ ಸಿನಿಮಾದವರ ಮೇಲೆ ಕೇಸ್ ಹಾಕಬೇಕು ಎಂದು ನೀವು ಬರೆಯಬೇಕು.

ಉತ್ತರ: ಸ್ವಾಮಿ, ಬೆಡ್‌ಶೀಟ್ ಅಲ್ಲಾಡಬಾರದೆಂದು ಫ್ಯಾನ್ ಆರಿಸಿದ್ದರು, ಅಂಗಿ ಬೆವರಲ್ಲಿ ತೊಯ್ದಿತ್ತು ಎಂದಿದ್ದೀರಿ. ಆದರೂ ಕೊನೇವರೆಗೂ ಕೂತಿರಿ. ಚಿತ್ರ ಹಿಡಿದಿಟ್ಟಿತ್ತು ಅಲ್ವಾ?

ಒಂದು ಮಾತು ಒಪ್ಪುತ್ತೇನೆ. ಮಲಗಿದವರ ಮುಖ ತೆಗೆಯುವ ಮೊದಲು ಅವರನ್ನು ಕೇಳಬೇಕಿತ್ತು.

ಇನ್ನು ಕಾನೂನು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಸರ್ಟಿಫಿಕೇಟ್ ಕೇಳುವುದು ಸಾರ್ವಜನಿಕ ಪ್ರದರ್ಶನಕ್ಕೆ. ಸ್ನೇಹಿತರನ್ನು ಕರೆದು ಕೂರಿಸಿದ್ದು ಸಾರ್ವಜನಿಕವೋ ಅಲ್ಲವೋ, ವಕೀಲರು ಕಿತ್ತಾಡಲಿ. ಸೆನ್ಸಾರ್‌ನವರ ಜಾಣ್ಮೆ ನಮಗೆ ಗೊತ್ತಿಲ್ಲದ್ದೇ? ಮದ್ರಾಸಿನ ಮಂಡಳಿ ನಮ್ಮ 'ಸಂಸ್ಕಾರ'ವನ್ನೇ ತಡೆದಿತ್ತು. ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಹಿಂದಿ ನಿರ್ದೇಶಕ ಕೆ.ಎ. ಅಬ್ಬಾಸ್ ತಮ್ಮ ಪುಟ್ಟ ಸಾಕ್ಷ್ಯಚಿತ್ರಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಕೋರ್ಟು ಸೆನ್ಸಾರ್ ಇರಲಿ ಎಂದಿತು. ಆದರೆ ಆ ಕೇಸಿನಲ್ಲೇ ಮೇಲ್ಮನವಿಗೆ ಸ್ವತಂತ್ರ ವ್ಯವಸ್ಥೆ ಮಾಡುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು. ಆ ನ್ಯಾಯಮಂಡಳಿ ಬಂದದ್ದು ಎಂಬತ್ತರ ದಶಕದಲ್ಲಿ. 2021ರಲ್ಲಿ ಅದನ್ನೂ ಎತ್ತಿಬಿಟ್ಟರು. ಈಗ ಕತ್ತರಿ ಬಿದ್ದರೆ ಸೀದಾ ಹೈಕೋರ್ಟು. ಹಾಸ್ಟೆಲ್ ಫೀಸಿಗೇ ಪರದಾಡುವ ಹುಡುಗ ಅಲ್ಲಿ ವಕೀಲರನ್ನು ಇಡುತ್ತಾನಾ?

ಹೊರದೇಶದಲ್ಲೂ ಇದೇ ಗೋಳು. 1964ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಅಂಡರ್‌ಗ್ರೌಂಡ್ ಸಿನಿಮಾ ತೋರಿಸಿದ್ದಕ್ಕೆ ನಿರ್ದೇಶಕ ಜೋನಸ್ ಮೆಕಾಸ್‌ರನ್ನು ಪೊಲೀಸರು ಹಿಡಿದೊಯ್ದರು. ಸಿನಿಮಾ ಮಾಡಬೇಡ ಎಂದು ಇರಾನ್ ನಿಷೇಧ ಹೇರಿದ ಮೇಲೂ ಅಲ್ಲಿನ ನಿರ್ದೇಶಕ ಜಾಫರ್ ಪನಾಹಿ ಮನೆಯೊಳಗೇ ಕ್ಯಾಮೆರಾ ಇಟ್ಟುಕೊಂಡು ತೆಗೆದರು.

ಪರ್ಮಿಷನ್ ಯಾರಿಗೆ ಸಿಗುತ್ತದೆ ಎಂಬುದೂ ನೋಡಿ. 'ನಾಗರಹಾವು' ಬಂದು ನಮ್ಮ ದುರ್ಗದ ಕೋಟೆ ಮನೆಮಾತಾಯಿತು. ಈಗ ಅದೇ ಕೋಟೆಯಲ್ಲಿ ಶೂಟಿಂಗ್ ಮಾಡಬೇಕೆಂದರೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು. ಕಲ್ಲು ಉಳಿಯಲಿ, ಸರಿ. ಆದರೆ ಸರ್ಕಲ್ ಸರ್ಕಲ್‌ನಲ್ಲಿ ಮುಖಂಡರ ಬರ್ತ್‌ಡೇ ಫ್ಲೆಕ್ಸ್ ಕಟ್ಟುತ್ತಾರಲ್ಲ, ಅವರನ್ನು ಪರ್ಮಿಷನ್ ಎಲ್ಲಿ ಅಂತ ನೀವು ಯಾವತ್ತಾದರೂ ಕೇಳಿದ್ದೀರಾ? ರಾತ್ರಿಯೆಲ್ಲ ಡಿಜೆ ಹಾಕುವವರನ್ನು? ಹಳೇ ಟಾಕೀಸು ಮುಚ್ಚಿದಾಗ ಒಂದು ಸಾಲೂ ಬರೆಯದವರು ಹುಡುಗರ ಬೆಡ್‌ಶೀಟ್ ಕಂಡ ಕೂಡಲೇ ಪೆನ್ನು ಹಿಡಿದಿದ್ದೀರಿ. ಸುಮ್ನೆ ಕೇಳಿದೆ, ಬೇಜಾರು ಬೇಡ.

ಪತ್ರದ ಕೊನೆಗೆ ಆ ಹುಡುಗರ ಫೋನ್ ನಂಬರ್ ಕೊಟ್ಟಿದ್ದೀರಿ. ಅದನ್ನು ಅಚ್ಚು ಮಾಡಿಲ್ಲ. ಮುಂದಿನ ಶೋ ಯಾವಾಗ ಅಂತ ಕೇಳಲು ಇಟ್ಟುಕೊಂಡಿದ್ದೇನೆ.